ಮರೀನಾದ ಮರಳು, ಬಾಲಯ್ಯನವರ ಅಲೆ

ಅಜ್ಜಿ, ಮಗಳು, ಮೊಮ್ಮಗ ಮೂವರೂ ಒಟ್ಟಿಗೆ ಕೂತು ಒಂದೇ ಜಾಗದಲ್ಲಿ ನಗುವ ಸಿನಿಮಾ ಯಾವುದು ಎಂದು ಚೆನ್ನೈಯಲ್ಲಿ ಕೇಳಿ ನೋಡಿ. ಬಹಳ ಮಂದಿ ‘ಕಾದಲಿಕ್ಕ ನೇರಮಿಲ್ಲೈ’ ಎನ್ನುತ್ತಾರೆ. 1964ರ ಫೆಬ್ರವರಿ 27ರಂದು ತೆರೆಕಂಡ ತಮಿಳು ಚಿತ್ರ ಅದು. ನಿರ್ದೇಶನ ಸಿ.ವಿ. ಶ್ರೀಧರ್ ಅವರದು, ಛಾಯಾಗ್ರಹಣ ಎ. ವಿನ್ಸೆಂಟ್ ಅವರದು, ಸಂಗೀತ ವಿಶ್ವನಾಥನ್–ರಾಮಮೂರ್ತಿ ಜೋಡಿಯದು. ಕಪ್ಪು ಬಿಳುಪಿನ ಕಣ್ಣೀರಿನ ಕಥೆಗಳ ನಡುವೆ ಈಸ್ಟ್‌ಮನ್ ಕಲರ್‌ನಲ್ಲಿ ನಗುತ್ತಾ ಬಂದು ಬೆಳ್ಳಿಹಬ್ಬ ಆಚರಿಸಿಕೊಂಡಿತು. ಆರಂಭದ ಭಾಗದಲ್ಲೇ ಮರೀನಾ ತೀರದಲ್ಲಿ ಚಿತ್ರಿಸಿದ ಯುಗಳಗೀತೆಯೊಂದು ಬರುತ್ತದೆ. ಪರದೆಯ ಮೇಲೆ ಮುತ್ತುರಾಮನ್ ಮತ್ತು ಕಾಂಚನಾ, ದನಿ ಯೇಸುದಾಸ್ ಮತ್ತು ಪಿ. ಸುಶೀಲಾ ಅವರದು. ಗಗನಸಖಿಯ ಕೆಲಸ ಬಿಟ್ಟು ನಾಯಕಿಯಾಗಿ ಬಂದಿದ್ದ ಈ ಕಾಂಚನಾ ಅವರನ್ನೇ ನಾವು ಮುಂದೆ 1978ರ ‘ಶಂಕರ್ ಗುರು’ ಚಿತ್ರದಲ್ಲಿ ರಾಜ್‌ಕುಮಾರ್ ಅವರ ಜೋಡಿಯಾಗಿ ಕಂಡದ್ದು.

ನನಗೆ ಇದು ಕಡಲತೀರದ ಸಿನಿಮಾ. ಕಥೆಯ ಬಹುಪಾಲು ನಡೆಯುವುದು ಬೆಟ್ಟದ ತಪ್ಪಲಿನ ಎಸ್ಟೇಟಿನಲ್ಲಿ, ಅಲ್ಲಿನ ಚಿತ್ರೀಕರಣ ಪೊಳ್ಳಾಚಿ ಹತ್ತಿರದ ಆಳಿಯಾರ್ ಅಣೆಕಟ್ಟಿನ ಸುತ್ತಮುತ್ತ ಆದದ್ದು ಎಂಬುದು ಗೊತ್ತಿದ್ದೂ ಹೀಗೆ ಹೇಳುತ್ತೇನೆ. ಅವೇ ವರ್ಷಗಳಲ್ಲಿ ಅಮೆರಿಕದ ಪಶ್ಚಿಮ ತೀರದಲ್ಲಿ ಒಂದು ಬಗೆಯ ಹಗುರ ಸಿನಿಮಾ, ಅದಕ್ಕೆ ತಕ್ಕ ಒಂದು ಬಗೆಯ ಗಿಟಾರ್ ಸಂಗೀತ ಎದ್ದು ನಿಂತಿದ್ದವು. ಅವು ಹುಡುಕಿದ ಹುರುಪನ್ನೇ ಮದರಾಸು ತನ್ನದೇ ದಾರಿಯಲ್ಲಿ ಹುಡುಕಿಕೊಂಡಿತು. ಆ ದಾರಿ ಯಾಕೆ ಬೇರೆಯಾಯಿತು ಎಂದು ತಿಳಿಯಬೇಕಾದರೆ ಸಿನಿಮಾದಷ್ಟೇ ಸಮುದ್ರವನ್ನೂ ನೋಡಬೇಕು, ಮನೆಯನ್ನೂ ನೋಡಬೇಕು.

ಮೊದಲು ಕ್ಯಾಲಿಫೋರ್ನಿಯಾ. ಫ್ರೆಡರಿಕ್ ಕೋನರ್ ಎಂಬ ಲೇಖಕರು ಅಲೆಸವಾರಿ (ಸರ್ಫಿಂಗ್) ಕಲಿತ ತಮ್ಮ ಹದಿಹರೆಯದ ಮಗಳನ್ನು ನೋಡಿ 1957ರಲ್ಲಿ ‘ಗಿಜೆಟ್’ ಎಂಬ ಕಾದಂಬರಿ ಬರೆದರು. ಅದು 1959ರಲ್ಲಿ ಸಿನಿಮಾ ಆಯಿತು, ಸಾಂಡ್ರಾ ಡೀ ನಾಯಕಿ. 1963ರಲ್ಲಿ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ಕಡಿಮೆ ಖರ್ಚಿನ ಚಿತ್ರಗಳ ಸಂಸ್ಥೆ ‘ಬೀಚ್ ಪಾರ್ಟಿ’ ತೆಗೆಯಿತು. ವಿಲಿಯಂ ಆಷರ್ ನಿರ್ದೇಶಕರು, ಫ್ರಾಂಕಿ ಅವಲಾನ್ ಮತ್ತು ಅನೆಟ್ ಫುನಿಚೆಲೊ ಜೋಡಿ. ಮರುವರ್ಷವೇ ‘ಮಸಲ್ ಬೀಚ್ ಪಾರ್ಟಿ’, ‘ಬಿಕಿನಿ ಬೀಚ್’, ಅದರ ಮರುವರ್ಷ ‘ಬೀಚ್ ಬ್ಲ್ಯಾಂಕೆಟ್ ಬಿಂಗೊ’. ಕಥೆ ಎಲ್ಲದರಲ್ಲೂ ಒಂದೇ: ರಜೆ, ಮರಳು, ಜಗಳ, ರಾಜಿ, ಹಾಡು. ಈ ಚಿತ್ರಗಳಲ್ಲಿ ಅಪ್ಪ ಅಮ್ಮ ಇಲ್ಲ. ಕೈಯಲ್ಲಿ ಖರ್ಚಿಗೆ ದುಡ್ಡು, ಮನೆಯ ಮುಂದೆ ಕಾರು ಇದ್ದ ಯುದ್ಧಾನಂತರದ ಹದಿಹರೆಯದವರು ಕಾರಿನಲ್ಲಿ ಕೂತೇ ಬಯಲು ಥಿಯೇಟರಿನಲ್ಲಿ ನೋಡಲೆಂದು ತೆಗೆದ ಸಿನಿಮಾಗಳಿವು. ದೊಡ್ಡವರ ಗೊಡವೆ ಅವರಿಗೆ ಬೇಕಿರಲಿಲ್ಲ.

ಅಲೆಯ ಸಿನಿಮಾದಲ್ಲಿ ನಟರು ಅಲೆಯ ಮೇಲೆ ಇದ್ದದ್ದೂ ಕಡಿಮೆಯೇ. ಹತ್ತಿರದ ದೃಶ್ಯಗಳಲ್ಲಿ ಅವಲಾನ್ ಸ್ಟುಡಿಯೋದೊಳಗೆ, ಹಿಂದಿನ ಪರದೆಯ ಮೇಲೆ ಓಡುವ ನೀರಿನ ಮುಂದೆ ನಿಂತಿರುತ್ತಿದ್ದರು. ದೂರದ ದೃಶ್ಯಗಳಲ್ಲಿ ಮಿಕಿ ಡೋರಾನಂಥ ನಿಜವಾದ ಅಲೆಸವಾರರು ಅವರ ಬದಲಿಗೆ ಇಳಿಯುತ್ತಿದ್ದರು. ಅಲೆಗಳ ಮೇಲೆ ಹಾಡಿಯೇ ಹೆಸರಾದ ‘ಬೀಚ್ ಬಾಯ್ಸ್’ ತಂಡದಲ್ಲೂ ಅಲೆಸವಾರಿ ಬಲ್ಲವನು ಡೆನಿಸ್ ವಿಲ್ಸನ್ ಒಬ್ಬನೇ. ನಿಜವಾದ ಅಲೆಗಳನ್ನು ಹುಡುಕಿಕೊಂಡು ಖಂಡದಿಂದ ಖಂಡಕ್ಕೆ ಹೋದ ಚಿತ್ರ ಬ್ರೂಸ್ ಬ್ರೌನ್ ಅವರ ‘ದಿ ಎಂಡ್‌ಲೆಸ್ ಸಮರ್’. ಅದು 1966ರಲ್ಲಿ ಎಲ್ಲೆಡೆ ತೆರೆಕಾಣುವ ಹೊತ್ತಿಗೆ ಪಾರ್ಟಿ ಚಿತ್ರಗಳ ಭರಾಟೆ ಮುಗಿಯುತ್ತಾ ಬಂದಿತ್ತು.

ಸಂಗೀತದ ಕಥೆ ಇನ್ನೂ ಸೊಗಸಾದದ್ದು, ನಮಗೆ ಹತ್ತಿರದ್ದು. ಡಿಕ್ ಡೇಲ್ ಎಂಬ ಎಡಗೈ ಗಿಟಾರ್ ವಾದಕ ಬಾಲ್ಬೋವಾ ತೀರದ ರಾಂಡೆವೂ ನೃತ್ಯಶಾಲೆಯಲ್ಲಿ 1961ರ ಹೊತ್ತಿಗೆ ಜನರನ್ನು ಕುಣಿಸುತ್ತಿದ್ದ. ಒಂದೇ ತಂತಿಯನ್ನು ಮೇಲಕ್ಕೂ ಕೆಳಕ್ಕೂ ಬಿಡುವಿಲ್ಲದೆ ಮೀಟುವುದು ಅವನ ರೀತಿ. ಹಾಯುವ ಅಲೆಯ ಭೋರ್ಗರೆತವನ್ನು ತಂತಿಯಲ್ಲಿ ಹಿಡಿಯುವ ಪ್ರಯತ್ನ ಅದು. ಅವನ ಆರ್ಭಟಕ್ಕೆ ಆಗಿನ ಆಂಪ್ಲಿಫೈಯರ್‌ಗಳು ಸುಟ್ಟುಹೋಗುತ್ತಿದ್ದವು, ಲಿಯೋ ಫೆಂಡರ್ ಅವನಿಗಾಗಿ ಹೆಚ್ಚು ಬಲದ ಯಂತ್ರ ಕಟ್ಟಿಕೊಟ್ಟ. ಫೆಂಡರ್‌ನ ಕಂಪನಿಯೇ 1961ರಲ್ಲಿ ರಿವರ್ಬ್ ಪೆಟ್ಟಿಗೆಯೊಂದನ್ನು ತಂದಿತು. ಗಿಟಾರಿನ ವಿದ್ಯುತ್ ಸಂಕೇತ ಪೆಟ್ಟಿಗೆಯೊಳಗಿನ ಸ್ಪ್ರಿಂಗುಗಳನ್ನು ಅಲುಗಿಸಿ ಹೊರಬರುತ್ತದೆ. ಸ್ಪ್ರಿಂಗಿನ ಕಂಪನ ತಕ್ಷಣ ನಿಲ್ಲದ ಕಾರಣ ಪ್ರತಿ ಸ್ವರಕ್ಕೂ ಹಿಂದೊಂದು ಹನಿ ಹನಿ ಅನುರಣನ ಅಂಟಿಕೊಳ್ಳುತ್ತದೆ. ಸರ್ಫ್ ಸಂಗೀತ ಎಂದೊಡನೆ ಕಿವಿಗೆ ಬರುವ ಒದ್ದೆ ಒದ್ದೆ ನಾದ ಹುಟ್ಟುವುದು ಹೀಗೆ.

ಡಿಕ್ ಡೇಲ್‌ನ ಅಪ್ಪ ಲೆಬನಾನ್ ಮೂಲದವರು. ಅವರ ಮನೆಗಳಲ್ಲಿ ಪೂರ್ವ ಮೆಡಿಟರೇನಿಯನ್ ನಾಡುಗಳ ಹಳೆಯ ಧಾಟಿಗಳು ಬಳಕೆಯಲ್ಲಿದ್ದವು. ಅಂಥದ್ದೊಂದು ಧಾಟಿ ‘ಮಿಸಿರ್ಲೂ’. 1962ರಲ್ಲಿ ಅವನು ಅದನ್ನು ಗಿಟಾರಿನಲ್ಲಿ ಮಿಂಚಿನ ವೇಗಕ್ಕೆ ಏರಿಸಿ ರೆಕಾರ್ಡ್ ಮಾಡಿದ. ಸರ್ಫ್ ಸಂಗೀತಕ್ಕೆ ಇವತ್ತಿಗೂ ಗುರುತಿನ ಚೀಟಿ ಆ ತುಣುಕು. ಅದರ ಸ್ವರಗಳನ್ನು ಬಿಡಿಸಿ ನೋಡಿ: ಷಡ್ಜ, ಶುದ್ಧ ಋಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಹದಿನೈದನೆಯ ಮೇಳಕರ್ತ ಮಾಯಾಮಾಳವಗೌಳದ ಸ್ವರಗಳೇ ಇವು. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬುವ ಸರಳೆ ವರಸೆಯ ರಾಗ. ಮೈಲಾಪುರದಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಪಾಠಕ್ಕೆ ಕೂತ ಮಗು ಮೊದಲ ದಿನ ಹಾಡುವ ಸ್ವರಗಳು. ಗಮಕವಿಲ್ಲದ, ಸಂಚಾರದ ಕಟ್ಟುಪಾಡಿಲ್ಲದ ಗಿಟಾರ್ ತುಣುಕನ್ನು ರಾಗ ಎನ್ನಲು ಬರುವುದಿಲ್ಲ, ಒಪ್ಪಿದೆ. ಆದರೂ ಕ್ಯಾಲಿಫೋರ್ನಿಯಾದ ಹುಡುಗರು ಕುಣಿದ ಏಣಿಯ ಮೆಟ್ಟಿಲುಗಳ ಮೇಲೆಯೇ ಮದರಾಸಿನ ಮಕ್ಕಳು ಸಂಜೆ ಹೊತ್ತು ದನಿ ತೀಡುತ್ತಿದ್ದರು ಎಂಬುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಆ ಗಿಟಾರ್ ನಾದ ಮದರಾಸಿಗೆ ಬಂದದ್ದು ಬಹುಮಟ್ಟಿಗೆ ಸಮುದ್ರದ ಮೇಲಿಂದಲೇ. ಆಕಾಶವಾಣಿಯ ಕಟ್ಟಡ ಮರೀನಾ ಎದುರಿನ ರಸ್ತೆಯಲ್ಲೇ ಇದೆ. ಆದರೆ ಹೊಸ ಇಂಗ್ಲಿಷ್ ಹಾಡು ಬೇಕಾದವರು ರೇಡಿಯೋದ ಮುಳ್ಳನ್ನು ಸಿಲೋನಿನತ್ತ ತಿರುಗಿಸುತ್ತಿದ್ದರು. ಪೆರಂಬೂರಿನ ರೈಲ್ವೆ ಕಾಲೊನಿ, ರಾಯಪುರಂ, ಪರಂಗಿಮಲೈ ಕಡೆಯ ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಪಿಯಾನೊ, ಗಿಟಾರ್, ಡ್ರಮ್ಸ್ ಕಲಿತ ಮಂದಿ ಇದ್ದರು. ಮೌಂಟ್ ರೋಡಿನಲ್ಲಿ ವಾದ್ಯ ಮಾರುವ ಮ್ಯೂಸಿ ಮ್ಯೂಸಿಕಲ್ ಇತ್ತು. 1842ರಲ್ಲಿ ಮಿಸ್ಕ್ವಿತ್ ಹೆಸರಿನಲ್ಲಿ ಶುರುವಾದ ಅಂಗಡಿ ಅದು, ಇವತ್ತಿಗೂ ಇದೆ. ಬ್ರಿಟನ್ನಿನ ‘ಷ್ಯಾಡೋಸ್’ ತಂಡದ 1960ರ ‘ಅಪಾಚಿ’ ತುಣುಕನ್ನು ಕೇಳಿ ಗಿಟಾರ್ ಹಿಡಿದ ಹುಡುಗರು ದೇಶದ ಎಲ್ಲ ದೊಡ್ಡ ಊರುಗಳಲ್ಲೂ ಬ್ಯಾಂಡ್ ಕಟ್ಟಿದರು. ನಮ್ಮ ಬೆಂಗಳೂರಿನಲ್ಲಿ ಕೊಡವ ಮನೆತನದ ಬಿದ್ದು ಅಪ್ಪಯ್ಯ ‘ಟ್ರೋಜನ್ಸ್’ ಕಟ್ಟಿಕೊಂಡು ಹಾಡಿದವರು. ಮುಂದೆ ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡನ್ನು ಜಗತ್ತಿಗೆ ಕೊಟ್ಟರು.

ಆದರೆ ಮದರಾಸಿನಲ್ಲಿ ಈ ನಾದಕ್ಕೆ ಲಕ್ಷಾಂತರ ಕಿವಿಗಳನ್ನು ಒದಗಿಸಿದ್ದು ಬ್ಯಾಂಡುಗಳಲ್ಲ, ಕೋಡಂಬಾಕ್ಕಂ ಮತ್ತು ವಡಪಳನಿಯ ಸಿನಿಮಾ ವಾದ್ಯವೃಂದ. ಎಂ.ಎಸ್. ವಿಶ್ವನಾಥನ್ ಹಾರ್ಮೋನಿಯಂ ಮುಂದೆ, ಟಿ.ಕೆ. ರಾಮಮೂರ್ತಿ ಪಿಟೀಲು ಹಿಡಿದು. ಅವರ ಸುತ್ತ ಅಕಾರ್ಡಿಯನ್ನಿಗೆ ಮಂಗಳಮೂರ್ತಿ, ಗಿಟಾರಿಗೆ ಫಿಲಿಪ್ಸ್, ಡ್ರಮ್ಸಿಗೆ ನೋಯೆಲ್ ಗ್ರಾಂಟ್ ಅಂಥವರು. ಮೃದಂಗ, ತಬಲಾ, ಬಾಂಗೋ ಒಂದೇ ಕೋಣೆಯಲ್ಲಿ. ಈ ಕೋಣೆ ಹೇಗಿತ್ತು ಎಂದು ನೋಡಬೇಕಾದರೆ 1964ರ ಕೊನೆಗೆ ಬಂದ ‘ಸರ್ವರ್ ಸುಂದರಂ’ ನೋಡಬೇಕು. ಹಾಡಿನ ರೆಕಾರ್ಡಿಂಗನ್ನೇ ಕಥೆಯೊಳಗೆ ತಂದು, ವಿಶ್ವನಾಥನ್ ವಾದ್ಯಗಾರರನ್ನು ನಡೆಸುವುದನ್ನೂ ಟಿ.ಎಂ. ಸೌಂದರರಾಜನ್ ಮೈಕಿನ ಮುಂದೆ ಹಾಡುವುದನ್ನೂ ಅಲ್ಲಿ ತೋರಿಸಿದ್ದಾರೆ. ಹಿನ್ನೆಲೆಯವರನ್ನು ಮುನ್ನೆಲೆಗೆ ತಂದ ಅಪರೂಪದ ಉದಾರತೆ ಅದು. ಅಂದಿನ ವಾದ್ಯಗಾರರ ಹೆಸರುಗಳು ಟೈಟಲ್ ಕಾರ್ಡಿನಲ್ಲೂ ಬರುತ್ತಿರಲಿಲ್ಲ. ಅವರ ಕೈಚಳಕವನ್ನು ಹುಡುಕಿ ದಾಖಲಿಸುವ ಕೆಲಸ ಇನ್ನೂ ಬಹಳ ಬಾಕಿ ಇದೆ.

‘ಕಾದಲಿಕ್ಕ ನೇರಮಿಲ್ಲೈ’ಯಲ್ಲಿ ಈ ವೃಂದ ಮಾಡಿದ್ದನ್ನು ಕೇಳಿ. ಒಂದು ಹಾಡಿನಲ್ಲಿ ಮೆಕ್ಸಿಕೋದ ಕೊನ್ಸುವೆಲೊ ವೆಲಾಸ್ಕೆಸ್ ಅವರ ‘ಬೆಸಾಮೆ ಮೂಚೊ’ದ ನೆರಳು ಹಾಯುತ್ತದೆ. ಲ್ಯಾಟಿನ್ ಅಮೆರಿಕದ ತೂಗುತಾಳದ ಮೇಲೆ ಪಿ.ಬಿ. ಶ್ರೀನಿವಾಸ್ ಮತ್ತು ಸುಶೀಲಾ ಹಾಡುತ್ತಾರೆ. ಪಿ.ಬಿ.ಎಸ್. ದನಿ ಕೇಳಿದರೆ ನಮಗೆ ಕಣ್ಣ ಮುಂದೆ ಬರುವುದು ರಾಜ್‌ಕುಮಾರ್. ಅದೇ ದನಿ ಇಲ್ಲಿ ರವಿಚಂದ್ರನ್ ಎಂಬ ಹೊಸ ಹುಡುಗನಿಗೆ ಹೊಂದಿಕೊಂಡು, ಒಂದಿಷ್ಟೂ ಏರದೆ, ಪಿಸುಮಾತಿನ ಹತ್ತಿರವೇ ನಿಂತು ಹುಡುಗಾಟ ಆಡುತ್ತದೆ. ಅಬ್ಬರದ ಕಾಲದಲ್ಲಿ ದನಿ ತಗ್ಗಿಸಿ ಹಾಡಿದ ಗಾಯಕ ಅವರು. ಸರ್ಫ್ ಗಿಟಾರ್ ಆರ್ಭಟಿಸಿ ತಂದ ಹುರುಪನ್ನು ಅವರು ತಗ್ಗಿಸಿ ತಂದರು. ಎಲ್.ಆರ್. ಈಶ್ವರಿ ಅವರ ದನಿ ಇದಕ್ಕೆ ತದ್ವಿರುದ್ಧ. ಅದರಲ್ಲಿ ಕುಣಿತ ಮೊದಲೇ ಸೇರಿಕೊಂಡಿರುತ್ತದೆ. ಇಬ್ಬರೂ ಒಂದೇ ಚಿತ್ರದಲ್ಲಿ ಸಿಕ್ಕದ್ದು ಕೇಳುಗರ ಪುಣ್ಯ.

ಇಷ್ಟಾದರೂ ಹುಡುಗ ಹುಡುಗಿಯರು ನೀರಿಗಿಳಿಯಲಿಲ್ಲವಲ್ಲ, ಯಾಕೆ? ಇಲ್ಲಿ ಸಮುದ್ರವೇ ಉತ್ತರ ಹೇಳುತ್ತದೆ. ಮದರಾಸಿನ ಅಲೆ ನೂರಾರು ವರ್ಷ ಜನ ಹೆದರಿದ ಅಲೆ. 1639ರಲ್ಲಿ ಇಂಗ್ಲಿಷರು ಇಲ್ಲಿ ನೆಲೆ ಹಿಡಿದಾಗ ಸಹಜ ಬಂದರು ಇರಲಿಲ್ಲ. ಹಡಗುಗಳು ಅಲೆ ಒಡೆಯುವ ಪಟ್ಟಿಯ ಆಚೆ ಲಂಗರು ಹಾಕಿ ನಿಲ್ಲುತ್ತಿದ್ದವು. ಜನ, ಸರಕು ಎಲ್ಲವೂ ದಡಕ್ಕೆ ಬರಬೇಕಾದದ್ದು ಸ್ಥಳೀಯ ಮೀನುಗಾರರ ಮಸೂಲಾ ದೋಣಿಗಳಲ್ಲಿ. ಆ ದೋಣಿಗಳಿಗೆ ಮೊಳೆಯಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುತ್ತಿದ್ದರು, ಅಲೆ ಬಡಿದಾಗ ಬಿರಿಯದೆ ಬಳುಕಲಿ ಎಂದು. ಮೂರು ನಾಲ್ಕು ಮರದ ದಿಮ್ಮಿಗಳನ್ನು ಕಟ್ಟಿದ ಕಟ್ಟುಮರಗಳ ಮೇಲೆ ಮೊಣಕಾಲೂರಿ ಅಲೆಯ ಬೆನ್ನೇರಿ ದಡ ಸೇರುತ್ತಿದ್ದವರೂ ಇವರೇ. ಕ್ಯಾಲಿಫೋರ್ನಿಯಾದ ಮಲಿಬುವಿನ ಹುಡುಗರಿಗೆ ಮೋಜಾಗಿದ್ದ ವಿದ್ಯೆ ಇಲ್ಲಿನ ಪಟ್ಟಿನವರ್ ಮೀನುಗಾರ ಕುಟುಂಬಗಳಿಗೆ ಅನ್ನದ ವಿದ್ಯೆಯಾಗಿತ್ತು, ಸಾವಿನ ಪಕ್ಕದ ವಿದ್ಯೆಯಾಗಿತ್ತು. ಅಲೆಸವಾರಿ ಭಾರತಕ್ಕೆ ಹೊರಗಿನಿಂದ ಬಂತು ಎಂದು ಬರೆಯುವವರು ಈ ಮಂದಿಯನ್ನು ನೆನೆಯದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

1870ರ ದಶಕದಲ್ಲಿ ಕೃತಕ ಬಂದರಿನ ಗೋಡೆಗಳು ಸಮುದ್ರಕ್ಕೆ ಚಾಚಿಕೊಂಡವು. 1881ರ ಚಂಡಮಾರುತ ಅವನ್ನು ಒಡೆದು ಹಾಕಿತು, ಮತ್ತೆ ಕಟ್ಟಿದರು. ಈ ತೀರದಲ್ಲಿ ವರ್ಷದ ಹೆಚ್ಚಿನ ತಿಂಗಳು ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಗೋಡೆ ಅಡ್ಡ ಬಂದದ್ದರಿಂದ ಅದು ದಕ್ಷಿಣದಲ್ಲೇ ಗುಡ್ಡೆ ಬಿದ್ದು ವಿಶಾಲ ಮರಳುಗಾಡಾಯಿತು. ಉತ್ತರದ ರಾಯಪುರಂ ಕಡೆ ಕಡಲು ನೆಲ ಕೊರೆಯತೊಡಗಿತು. ಹೀಗೆ ಉಬ್ಬಿದ ದಕ್ಷಿಣದ ಮರಳಿನ ಅಂಚಿಗೆ ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ವಿಹಾರದ ದಾರಿ ಮಾಡಿಸಿ ಮರೀನಾ ಎಂದು ಹೆಸರಿಟ್ಟರು. ಅಂದರೆ ನಾವು ನೋಡುವ ಅಗಲವಾದ ಮರೀನಾ ಬಂದರಿನ ಕೂಸು. ಮರಳು ಹಿಗ್ಗಿದರೂ ನೀರಿನ ಸ್ವಭಾವ ಬದಲಾಗಲಿಲ್ಲ. ದಡದ ಕೆಳಗೆ ನೆಲ ಹಠಾತ್ತನೆ ಇಳಿಯುತ್ತದೆ, ಅಲೆ ದಡಕ್ಕೆ ಬಂದು ಒಮ್ಮೆಲೇ ಮಗುಚಿ ಬೀಳುತ್ತದೆ, ಹಿಂದಿರುಗುವ ನೀರಿನ ಸೆಳೆತ ಈಜು ಬಲ್ಲವರನ್ನೂ ಒಯ್ಯುತ್ತದೆ. ಇದೇ ಊರಿನ ಎಲಿಯಟ್ಸ್ ಬೀಚಿನ ಬಿಳಿ ಕಮಾನು 1930ರಲ್ಲಿ ಮುಳುಗುವವರನ್ನು ಕಾಪಾಡಲು ಹೋಗಿ ಪ್ರಾಣ ಬಿಟ್ಟ ಡೆನ್ಮಾರ್ಕಿನ ನಾವಿಕ ಕಾರ್ಲ್ ಸ್ಮಿತ್ ಅವರ ಸ್ಮಾರಕ. ಮರೀನಾದಲ್ಲಿ ನೀರಿಗಿಳಿಯಬೇಡಿ ಎಂದು ಪೊಲೀಸರು ಇವತ್ತೂ ಸೀಟಿ ಊದುತ್ತ ಅಲೆಯುತ್ತಾರೆ.

ಆದ್ದರಿಂದ ಮದರಾಸಿನವರಿಗೆ ಕಡಲೆಂದರೆ ಮರಳು, ಮರಳೆಂದರೆ ಸಂಜೆ. ಬಿಸಿಲಿನ ಊರಿಗೆ ಕಡಲ ಗಾಳಿ ಬರುವ ಹೊತ್ತು. ತೆಂಗಿನ ತುರಿ, ಮಾವಿನ ಚೂರು ಹಾಕಿದ ಬಟಾಣಿ ಸುಂಡಲ್ ಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯ ಅಂಚು ಒದ್ದೆಯಾಗುವಷ್ಟೇ ನೀರಿಗೆ ನಿಂತು ಮನೆಗೆ ಹೋಗುವ ಜಾಗ. ರಜೆಯ ಮೋಜಿಗೆ ಬೇಕಾದದ್ದು ಬೆಟ್ಟ. ಬ್ರಿಟಿಷರು ಬೇಸಿಗೆಗೆ ಊಟಿ ಹತ್ತಿದ ಅಭ್ಯಾಸವನ್ನು ಅನುಕೂಲಸ್ಥ ಕುಟುಂಬಗಳು ಮುಂದುವರಿಸಿದವು, ಸಿನಿಮಾ ಅವರ ಹಿಂದೆ ಹತ್ತಿತು. ಶ್ರೀಧರ್ ಚಿತ್ರ ಮರೀನಾದಲ್ಲಿ ಶುರುವಾಗಿ ಎಸ್ಟೇಟಿಗೆ ಏರುವುದು ಹೀಗೆ. 1961ರ ಹಾಲಿವುಡ್ ಚಿತ್ರ ‘ಕಮ್ ಸೆಪ್ಟೆಂಬರ್’ ಇಟಲಿಯ ಕಡಲತೀರದ ಬಂಗಲೆಯಲ್ಲಿ ನಡೆಯುವ ಹುಡುಗಾಟ. ಗಿಜೆಟ್ ಆಗಿದ್ದ ಅದೇ ಸಾಂಡ್ರಾ ಡೀ ಅದರಲ್ಲಿದ್ದಾಳೆ, ಬಾಬಿ ಡಾರಿನ್ ಹೆಣೆದ ಅದರ ಗಿಟಾರ್ ಧಾಟಿಯನ್ನು ನಮ್ಮ ದೇಶದ ಬ್ಯಾಂಡುಗಳು ದಶಕಗಟ್ಟಲೆ ಮದುವೆ ಮನೆಗಳಲ್ಲೂ ನುಡಿಸಿದವು. ಎ.ವಿ.ಎಂ. ಸಂಸ್ಥೆ ಆ ಕಥೆಯಿಂದ 1966ರಲ್ಲಿ ‘ಅನ್ಬೇ ವಾ’ ಮಾಡಿದಾಗ ಕಡಲ ಬಂಗಲೆ ಸಿಮ್ಲಾಕ್ಕೆ ಹೋಯಿತು. ಎಂ.ಜಿ.ಆರ್. ಅವರಿಗೆ ಎದುರು ನಿಂತು ಸರಿಸಮನಾಗಿ ತುಂಟತನ ಮಾಡಿದವರು ಬೆಂಗಳೂರಿನ ಬಿ. ಸರೋಜಾದೇವಿ.

ಇನ್ನು ಮನೆಯ ಮಾತು. ಅಮೆರಿಕದ ಬೀಚ್ ಚಿತ್ರದಲ್ಲಿ ಅಪ್ಪ ಅಮ್ಮ ಇಲ್ಲ ಎಂದೆ. ಶ್ರೀಧರ್ ಚಿತ್ರದ ನಟ್ಟನಡುವೆ ಕೂತಿರುವವರು ದೊಡ್ಡವರೇ. ಟಿ.ಎಸ್. ಬಾಲಯ್ಯ ನಟಿಸಿದ ಸಾಹುಕಾರ ವಿಶ್ವನಾಥನ್. ಮದರಾಸಿನಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳು, ಸಿನಿಮಾ ತೆಗೆಯುವ ಹುಚ್ಚಿನ ಒಬ್ಬ ಮಗ. ಕೆಲಸದಿಂದ ಇವರು ಕಿತ್ತುಹಾಕಿದ ಅಶೋಕ್ ಎಂಬ ಹುಡುಗ ಮನೆಯೆದುರೇ ಗುಡಾರ ಹಾಕಿ, ಸಂಗಡಿಗರನ್ನು ಕೂಡಿಸಿ ಕೆಲಸ ವಾಪಸು ಕೊಡಿ ಎಂದು ಹಾಡಿ ಧರಣಿ ಹೂಡುತ್ತಾನೆ. ನಿರುದ್ಯೋಗ ನಿಜವಾದ ಸಂಕಟವಾಗಿದ್ದ ವರ್ಷಗಳಲ್ಲಿ ಆ ಘೋಷಣೆಯನ್ನು ಕುಣಿತದ ಹಾಡು ಮಾಡಿದ್ದು ಎದೆಗಾರಿಕೆ. ಮುಂದೆ ಅದೇ ಹುಡುಗ ತಾನು ಕೋಟ್ಯಧೀಶನ ಮಗ ಎಂದು ನಂಬಿಸುತ್ತಾನೆ. ಅವನ ಗೆಳೆಯ ವಾಸು, ಅಂದರೆ ಮುತ್ತುರಾಮನ್, ಬಿಳಿಕೂದಲು ಹಚ್ಚಿಕೊಂಡು ಅವನ ಅಪ್ಪನಾಗಿ ಬರುತ್ತಾನೆ. ಈ ವಾಸು ಪ್ರೀತಿಸುವುದೂ ಸಾಹುಕಾರರ ಇನ್ನೊಬ್ಬ ಮಗಳನ್ನೇ.

ಇಲ್ಲಿನ ಹಾಸ್ಯ ಹುಟ್ಟುವುದು ನಮ್ಮ ಮನೆಗಳ ಮರ್ಯಾದೆಯ ಲೆಕ್ಕದಲ್ಲಿ. ಗೆಳೆಯ ಗೆಳೆಯನಿಗೆ ಕೈಕಟ್ಟಿ ನಿಲ್ಲಬೇಕು. ಪ್ರೇಮಿಯಾದವನು ಭಾವಿ ಮಾವನ ಪಕ್ಕ ಸಮಾನನಂತೆ ಕುರ್ಚಿ ಹಾಕಿ ಕೂರಬೇಕು. ವಯಸ್ಸಿನಲ್ಲಿ ಹಿರಿಯರಾದ ಸಾಹುಕಾರರು ಹಣದ ಮುಂದೆ ಬಾಗಿ ಆ ಹುಡುಗನಿಗೆ ಬನ್ನಿ, ಕೂತುಕೊಳ್ಳಿ ಎಂದು ಉಪಚರಿಸಬೇಕು. ಒಂದು ಏಕವಚನ ಬಾಯಿ ತಪ್ಪಿ ಬಂದರೆ ಎಲ್ಲ ಮುಳುಗಿತು. ಕ್ಯಾಲಿಫೋರ್ನಿಯಾದ ಹುಡುಗ ಹಲಗೆಯ ಮೇಲೆ ತೂಕ ತಪ್ಪದೆ ನಿಂತ ಹಾಗೆ ಇಲ್ಲಿನ ಹುಡುಗರು ಬಾಲಯ್ಯನವರ ಕೋಪ, ಲೋಭ, ಸಂಶಯಗಳ ಮೇಲೆ ನಿಂತಿದ್ದಾರೆ. ಈ ಚಿತ್ರದ ಅಲೆ ಅವರೇ. ಬಾಲಯ್ಯ ಆ ಪಾತ್ರವನ್ನು ಖಳನ ಮಾಡಲಿಲ್ಲ, ಪೆದ್ದನ ಮಾಡಲಿಲ್ಲ. ಆಸೆಬುರುಕ ಅಪ್ಪನ ಒಳಗೆ ಒಬ್ಬ ಮುಗ್ಧ ಇದ್ದಾನೆ ಎಂದು ತೋರಿಸಿದರು. ಇಡೀ ಕುಟುಂಬ ಟಿಕೆಟ್ ತೆಗೆದು ಬರುವ ಊರಿನಲ್ಲಿ ಯುವಕರ ಸಿನಿಮಾ ಗೆಲ್ಲಬೇಕಾದರೆ ಅಪ್ಪಂದಿರೂ ತಮ್ಮನ್ನು ನೋಡಿಕೊಂಡು ನಗಬೇಕಿತ್ತು.

ಮಗ ಚೆಲ್ಲಪ್ಪನಾಗಿ ನಾಗೇಶ್. ಧಾರಾಪುರದ ಕನ್ನಡ ಮಾತಾಡುವ ಮಾಧ್ವ ಮನೆಯ ಹುಡುಗ, ಮನೆಯಲ್ಲಿ ಗುಂಡೂರಾವ್. ‘ಓಹೋ ಪ್ರೊಡಕ್ಷನ್ಸ್’ ಎಂದು ಬೋರ್ಡು ಹಾಕಿಕೊಂಡು ಅಪ್ಪನ ದುಡ್ಡಿಗೆ ಗಾಳ ಹಾಕುವ ಈ ನಿರ್ಮಾಪಕ ಒಂದು ದೃಶ್ಯದಲ್ಲಿ ತನ್ನ ದೆವ್ವದ ಸಿನಿಮಾದ ಕಥೆಯನ್ನು ಬಾಲಯ್ಯನವರಿಗೆ ಹೇಳುತ್ತಾನೆ. ಸೆಟ್ಟಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಬಾಗಿಲ ಕಿರುಗುಟ್ಟುವಿಕೆ, ಗಾಳಿ, ಹೆಜ್ಜೆ ಎಲ್ಲವೂ ನಾಗೇಶ್ ಬಾಯಿಂದ. ನಾಗೇಶ್ ಹೆದರಿಸುವುದನ್ನು ನೋಡಿ ನಗು ಬರುತ್ತದೆ, ಬಾಲಯ್ಯ ಹೆದರುವುದನ್ನು ನೋಡಿ ಇನ್ನೂ ಹೆಚ್ಚು ಬರುತ್ತದೆ. ಕೇಳುಗನ ಮುಖವೇ ಅಲ್ಲಿ ಪರದೆ. ಇದೇ ಕಥೆಯನ್ನು ಶ್ರೀಧರ್ 1966ರಲ್ಲಿ ಹಿಂದಿಯಲ್ಲಿ ‘ಪ್ಯಾರ್ ಕಿಯೇ ಜಾ’ ಎಂದು ತೆಗೆದಾಗ ನಾಗೇಶ್ ಪಾತ್ರ ಮಾಡಿದ ಮೆಹಮೂದ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಕೇಳುಗ ಅಪ್ಪ ಅಲ್ಲಿ ಓಂ ಪ್ರಕಾಶ್.

ಈ ಹಗುರತನ ಸಲೀಸಾಗಿ ಬಂದದ್ದಲ್ಲ. ಶ್ರೀಧರ್ ಅದಕ್ಕೆ ಮೊದಲು ಮಾಡಿದ್ದು 1959ರ ‘ಕಲ್ಯಾಣ ಪರಿಸು’, 1962ರ ‘ನೆಂಜಿಲ್ ಓರ್ ಆಲಯಂ’ನಂಥ ತ್ಯಾಗದ, ಆಸ್ಪತ್ರೆಯ, ಅಗಲಿಕೆಯ ಚಿತ್ರಗಳು. ಚೆಂಗಲ್ಪಟ್ಟಿನ ಶಾಲಾದಿನಗಳಿಂದ ಗೆಳೆಯರಾಗಿದ್ದ ಗೋಪು ಅವರ ಜೊತೆ ಸೇರಿ ಪೂರಾ ನಗೆಯ ಚಿತ್ರಕ್ಕೆ ಕೈಹಾಕಿದಾಗ, ದುಬಾರಿ ಬಣ್ಣದ ಫಿಲ್ಮನ್ನು ಹಾಸ್ಯಕ್ಕೆ ಸುರಿಯುತ್ತಿದ್ದಾರೆ ಎಂಬ ಅಳುಕು ಉದ್ಯಮದಲ್ಲಿ ಇದ್ದಿರಲೇಬೇಕು. ಅಳಿಸುವ ನಿರ್ದೇಶಕನಿಗೆ ನಗಿಸುವುದು ಬೇರೆಯೇ ವ್ಯಾಯಾಮ. ಯಾವ ದೃಶ್ಯದಲ್ಲೂ ನಟ ತಾನು ನಗಿಸುತ್ತಿದ್ದೇನೆ ಎಂದು ತೋರಿಸಬಾರದು, ಸುಳ್ಳಿನ ಮೇಲೆ ಸುಳ್ಳು ಏರುವಾಗ ನೋಡುವವನಿಗೆ ಲೆಕ್ಕ ತಪ್ಪಬಾರದು. ಶ್ರೀಧರ್–ಗೋಪು ಬರವಣಿಗೆಯಲ್ಲಿ ಆ ಲೆಕ್ಕ ಒಂದು ಕಡೆಯೂ ತಪ್ಪುವುದಿಲ್ಲ. ನಮ್ಮ ವಿಮರ್ಶೆ ಈ ಕೌಶಲಕ್ಕೆ ಕೊಡಬೇಕಾದ ಗೌರವ ಕೊಟ್ಟಿಲ್ಲ ಎಂಬ ಕೊರಗು ನನಗಿದೆ.

ಅಂದಿನ ಸಿನಿಮಾ ಮಂದಿ ಕಥೆ ಕಟ್ಟಲು ಕೂರುತ್ತಿದ್ದ ಜಾಗಗಳಲ್ಲಿ ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ಒಂದು. ಉಡುಪಿ ಸೀಮೆಯಿಂದ ಬರಿಗೈಯಲ್ಲಿ ಬಂದು ಹೋಟೆಲ್ ಸಾಮ್ರಾಜ್ಯ ಕಟ್ಟಿದ ಕೆ. ಕೃಷ್ಣರಾಯರು 1962ರಲ್ಲಿ ಅದನ್ನು ಮರಗಳ ನಡುವೆ ತೆರೆದರು. ಕ್ಯಾಲಿಫೋರ್ನಿಯಾದವರು ಕಾರಿನಲ್ಲಿ ಕೂತು ಸಿನಿಮಾ ನೋಡಿದರು. ಮದರಾಸಿನವರು ಕಾರಿನಲ್ಲಿ ಕೂತು ದೋಸೆ ತಿಂದರು, ಕಾಫಿ ಕುಡಿದರು, ಸಿನಿಮಾ ಬರೆದರು. ಪಿ.ಬಿ. ಶ್ರೀನಿವಾಸ್ ಜರಿಪೇಟ ತೊಟ್ಟು, ಜೇಬಿನ ತುಂಬ ಬಣ್ಣದ ಪೆನ್ನುಗಳನ್ನಿಟ್ಟುಕೊಂಡು ಅಲ್ಲಿ ಕೂತು ಕವಿತೆ ಬರೆಯುತ್ತಿದ್ದುದನ್ನು ನೋಡಿದವರು ಬಹಳ ಮಂದಿ. 2008ರಲ್ಲಿ ಅದು ಮುಚ್ಚಿತು.

ಕನ್ನಡ ಚಿತ್ರರಂಗವೂ ಆಗ ಇದೇ ಊರಿನಲ್ಲಿತ್ತು, ಹಾಗಾಗಿ ಅಲೆ ನಮಗೂ ತಾಗಿತು. 1965ರ ‘ಮಿಸ್ ಲೀಲಾವತಿ’ಯಲ್ಲಿ ಜಯಂತಿ ಈಜುಡುಗೆ ತೊಟ್ಟು ಬಂದದ್ದು ದೊಡ್ಡ ಸುದ್ದಿ. ಎಂ.ಆರ್. ವಿಠಲ್ ನಿರ್ದೇಶಿಸಿದ, ಎ.ವಿ.ಎಂ. ಬಳಗದ ಆರ್. ಸುದರ್ಶನಂ ಸಂಗೀತ ಕೊಟ್ಟ ಈ ಚಿತ್ರದಲ್ಲೇ ಕುವೆಂಪು ಅವರ ದೋಣಿಯ ಹಾಡೂ ಇದೆ. ಹೊಸ ಕಾಲದ ಹುಡುಗಿಯನ್ನೂ ನವೋದಯದ ಕವಿತೆಯನ್ನೂ ಒಂದೇ ಚಿತ್ರ ಹೊತ್ತದ್ದು ಕನ್ನಡಕ್ಕೆ ಮಾತ್ರ ಸಾಧ್ಯವಾದ ಜೋಡಣೆ ಎಂದು ನನ್ನ ನಂಬಿಕೆ. ಅದೇ ವರ್ಷ ಕೋಲಾರ ಜಿಲ್ಲೆಯ ಬಿ.ಆರ್. ಪಂತುಲು ತಮ್ಮ ತಮಿಳು ಚಿತ್ರ ‘ಆಯಿರತ್ತಿಲ್ ಒರುವನ್’ಗೆ ಕಡಲು ಬೇಕಾದಾಗ ಮದರಾಸು ಬಿಟ್ಟು ನಮ್ಮ ಕಾರವಾರಕ್ಕೆ ಬಂದರು. ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಎಂ.ಜಿ.ಆರ್. ಜೊತೆ ನಟಿಸಿದ ಮೊದಲ ಚಿತ್ರ ಅದು, ವಿಶ್ವನಾಥನ್–ರಾಮಮೂರ್ತಿ ಬೇರೆಯಾಗುವ ಮುನ್ನ ಕೂಡಿ ಮಾಡಿದ ಕೊನೆಯ ಕೆಲಸಗಳಲ್ಲಿ ಒಂದು. 1968ರ ‘ಗೋವಾದಲ್ಲಿ ಸಿ.ಐ.ಡಿ. 999’ ರಾಜ್‌ಕುಮಾರ್ ಅವರನ್ನು ಗೋವಾಕ್ಕೆ ಕರೆದೊಯ್ದಿತು. ಅದಕ್ಕೆ ಜಿ.ಕೆ. ವೆಂಕಟೇಶ್ ಕೊಟ್ಟ ಗಿಟಾರ್, ಹಿತ್ತಾಳೆ ವಾದ್ಯಗಳ ಹುಮ್ಮಸ್ಸು ಇಂದಿಗೂ ತಾಜಾ. ಇಳಯರಾಜ ಪಳಗಿದ್ದು ಇದೇ ವೆಂಕಟೇಶ್ ಕೈಕೆಳಗೆ. ಕೊನೆಗೆ 1979ರಲ್ಲಿ ಶ್ರೀಧರ್ ಅವರ ಬಂಧು ಸಿ.ವಿ. ರಾಜೇಂದ್ರನ್ ಆ ತಮಿಳು ನಗೆಚಿತ್ರವನ್ನೇ ಶ್ರೀನಾಥ್, ಶಂಕರ್‌ನಾಗ್, ಮಂಜುಳಾ, ಪದ್ಮಪ್ರಿಯ, ದ್ವಾರಕೀಶ್ ಅವರೊಡನೆ ‘ಪ್ರೀತಿ ಮಾಡು ತಮಾಷೆ ನೋಡು’ ಎಂದು ಕನ್ನಡಕ್ಕೆ ತಂದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮರೀನಾ ಬೇರೆಯೇ ಜಾಗವಾಯಿತು. 1968ರ ಜನವರಿಯ ವಿಶ್ವ ತಮಿಳು ಸಮ್ಮೇಳನಕ್ಕೆ ಸಾಲು ಪ್ರತಿಮೆಗಳು ಎದ್ದವು, 1969ರಲ್ಲಿ ಅಣ್ಣಾದುರೈ ಅವರ ಸಮಾಧಿ ಬಂತು, ತೀರ ರಾಜಕೀಯದ ಪುಣ್ಯಕ್ಷೇತ್ರವಾಯಿತು. ಅಲೆಸವಾರಿ ನಿಜವಾಗಿ ಬಂದದ್ದು ಬಹಳ ತಡವಾಗಿ, ಬಂದದ್ದೂ ಮೊದಲು ನಮ್ಮ ಕಡೆಗೆ. ಅಮೆರಿಕದ ಜಾಕ್ ಹೆಬ್ನರ್ 2004ರಲ್ಲಿ ಮಂಗಳೂರು ಹತ್ತಿರದ ಮೂಲ್ಕಿಯಲ್ಲಿ ಆಶ್ರಮದ ಜೊತೆಗೇ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ಚೆನ್ನೈಯಿಂದ ಸುಮಾರು 40 ಕಿಲೋಮೀಟರ್ ದಕ್ಷಿಣದ ಕೋವಳಂ ಮೀನುಗಾರರ ಹಳ್ಳಿಯಲ್ಲಿ ಅಲೆ ಉದ್ದಕ್ಕೆ ಉರುಳುತ್ತದೆ. ಅಲ್ಲಿನ ಮೀನುಗಾರ ಮೂರ್ತಿ ಮೇಘವನ್ ಎರವಲು ಹಲಗೆಯ ಮೇಲೆ ತಾವೇ ಕಲಿತು, 2012ರಲ್ಲಿ ಉದ್ಯಮಿ ಅರುಣ್ ವಾಸು ಅವರ ಬೆಂಬಲದಿಂದ ಶಾಲೆ ತೆರೆದರು. ಕುಡಿಯುವ, ಸೇದುವ ಹುಡುಗರಿಗೆ ಅಲ್ಲಿ ಜಾಗವಿಲ್ಲ. ಮರುವರ್ಷದಿಂದ ಅಲೆಯ ಜೊತೆ ಸಂಗೀತವನ್ನೂ ಸೇರಿಸಿದ ಹಬ್ಬ ಅಲ್ಲಿ ನಡೆಯತೊಡಗಿತು. 2025ರ ಆಗಸ್ಟ್‌ನಲ್ಲಿ ಏಷ್ಯಾ ಸರ್ಫಿಂಗ್ ಚಾಂಪಿಯನ್‌ಷಿಪ್ ಮಹಾಬಲಿಪುರದಲ್ಲೇ ನಡೆದಾಗ ಕಂಚು ಗೆದ್ದವರು ರಮೇಶ್ ಬುದಿಹಾಳ್. ಕರ್ನಾಟಕದಿಂದ ಕೇರಳಕ್ಕೆ ದುಡಿಯಲು ಹೋಗಿ ಅಲ್ಲಿನ ಕೋವಳಂನಲ್ಲಿ ಕರಕುಶಲ ವಸ್ತು ಮಾರುತ್ತಿದ್ದ ಕುಟುಂಬದ ಹುಡುಗ. ಆ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು.

ಈ ಹುಡುಗರ ಮೇಲೆ ಸಿನಿಮಾ ತೆಗೆಯುವವರು ಬಡತನ, ಸಾಹಸ, ಗೆಲುವು ಎಂದು ಕಣ್ಣೀರಿನ ಕಡೆ ತಿರುಗುವುದು ಸುಲಭ. ನನಗೆ ಬೇಕಿರುವುದು ನಗುವ ಸಿನಿಮಾ. ಮಾಯಾಮಾಳವಗೌಳವನ್ನು ಒದ್ದೆ ಗಿಟಾರಿನಲ್ಲಿ ಮೀಟುವ ಒಬ್ಬ ಸಂಗೀತ ನಿರ್ದೇಶಕ, ಸುಳ್ಳಿನ ಲೆಕ್ಕ ತಪ್ಪದ ಇಬ್ಬರು ಬರಹಗಾರರು, ನೀರಿಗಿಳಿದ ಮಗನನ್ನು ದಡದಲ್ಲಿ ನಿಂತು ಬೈಯುವ ಅಪ್ಪನ ಪಾತ್ರಕ್ಕೆ ಬಾಲಯ್ಯನವರಂಥ ಒಬ್ಬ ನಟ. ಕನ್ನಡದಲ್ಲಿ ತೆಗೆಯುವುದಾದರೆ ಮೂಲ್ಕಿಯ ಕಡಲು ತಯಾರಿದೆ.